ಭಾವನ ಬಾರ್ ವಿಚಾರ

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ಇಲ್ಲಿ ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ ಎಲ್ಲ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ?

ಸುರೇಶ ಭಾವ ಸಿಎಲ್-9 ಲೈಸೆನ್ಸಿನ ಬಾರಿಗೆ ಪಾಲು ಹಾಕಲು ತೋಟ ಅಡ ಇಡಿ ಅನ್ನುತ್ತಿದ್ದಾರಂತೆ. "ಕಾರ್ಲೈಲ್‌ನಲ್ಲಿ ಸರ್ಕಾರವೇ ಬಾರ್ ನಡೆಸಿ ದುಡ್ಡು ಮಾಡಿದೆ, ನಿಮ್ಮ ಮಗಳನ್ನೇ ಕೇಳಿ" ಅಂತ ನನ್ನ ಹೆಸರು ಬೇರೆ! ಲಾಭ ಬಂದದ್ದು ನಿಜ. ಹೇಗೆ ಬಂತು ಅನ್ನುವುದನ್ನು ಭಾವ ನುಂಗಿಕೊಂಡಿದ್ದಾರೆ.

ಮೊದಲ ಮಹಾಯುದ್ಧದಲ್ಲಿ ಈ ಊರಿನ ಹತ್ತಿರ ಗ್ರೆಟ್ನಾದಲ್ಲಿ ಒಂಬತ್ತು ಮೈಲಿ ಉದ್ದದ ಕಾರ್ಡೈಟ್ (ಗುಂಡು ಹಾರಿಸುವ ಮದ್ದು) ಕಾರ್ಖಾನೆ ಎದ್ದಿತು. ನೈಟ್ರೊಗ್ಲಿಸರಿನ್, ಗನ್‌ಕಾಟನ್ ಎಂಬ ಎರಡು ಸ್ಫೋಟಕಗಳನ್ನು ಸೇರಿಸಿ ಹಿಟ್ಟು ನಾದಿದ ಹಾಗೆ ಕೈಯಲ್ಲೇ ಕಲಸುವ ಕೆಲಸ, ಮಾಡುತ್ತಿದ್ದವರು ಬಹುಪಾಲು ಹೆಂಗಸರು. ಅಲ್ಲಿ ಅಮಲಿನ ಕೈ ನಡೆಯುವುದಿಲ್ಲ. ಕಾರ್ಖಾನೆ ಕಟ್ಟುವ ಕೂಲಿಗಳೋ, ಸಂಬಳದ ದಿನ ರೈಲು ಹತ್ತಿ ಕಾರ್ಲೈಲ್‌ಗೆ ನುಗ್ಗುತ್ತಿದ್ದರು. ರೈಲು ಬರುವ ಮೊದಲೇ ಬಾರಿನವರು ವಿಸ್ಕಿ ಲೋಟ ತುಂಬಿ ಸಾಲಾಗಿ ಇಡುತ್ತಿದ್ದರಂತೆ.

1916ರಲ್ಲಿ ಸರ್ಕಾರದ ಮದ್ಯ ನಿಯಂತ್ರಣ ಮಂಡಳಿ ಊರಿನ ಪಬ್ಬು, ಬ್ರೂವರಿಗಳನ್ನೇ ಕೊಂಡುಕೊಂಡಿತು. ಹಲವು ಪಬ್ ಮುಚ್ಚಿಸಿತು. ಉಳಿದವುಗಳಲ್ಲಿ ಬಿಯರ್ ಜಾಹೀರಾತು ತೆಗೆಸಿ, ಮರೆಯಲ್ಲಿ ಕೂತು ಕುಡಿಯುವ ಅಡ್ಡಗೋಡೆ ಒಡೆಸಿತು. ಜುಲೈ 12ರಂದು ಹಳೆಯ ಅಂಚೆ ಕಚೇರಿಯಲ್ಲಿ ಗ್ರೆಟ್ನಾ ಟ್ಯಾವರ್ನ್ ತೆರೆದರು. ಅಲ್ಲಿ ಬಿಸಿಯೂಟವೇ ಮುಖ್ಯ, ಬಿಯರ್ ಅದರ ಜೊತೆಗೆ.

ಭಾವನಿಗೆ ಓದಿ ಹೇಳಬೇಕಾದದ್ದು ಇದು. ಮ್ಯಾನೇಜರಿಗೆ ಗೊತ್ತಾದ ಸಂಬಳ. ಮದ್ಯದ ಮೇಲೆ ಬಿಡಿಗಾಸು ಕಮಿಷನ್ ಇಲ್ಲ. ಊಟ ಮತ್ತು ಮದ್ಯವಿಲ್ಲದ ಪಾನೀಯ ಹೆಚ್ಚು ಮಾರಿದರೆ ಮಾತ್ರ ಕಮಿಷನ್. ಹಾಗಿದ್ದಾಗ ಗಿರಾಕಿಗೆ ಇನ್ನೊಂದು ಲೋಟ ಹಾಕಿಕೊಡಲು ಅವನಿಗೇನು ಆಸೆ? ಉದ್ರಿ ಬಂದ್. ಗಿರಾಕಿ ಹಿಡಿಯಲು ಅಳತೆ ಮೀರಿ ಬಿಯರ್ ಸುರಿಯುವುದೂ ಬಂದ್. ಗೆಳೆಯನಿಗೆ ಕೊಡಿಸಬೇಕೆಂದರೆ ಊಟದ ಜೊತೆಗೆ ಮಾತ್ರ. ಹೊತ್ತು ಮಧ್ಯಾಹ್ನ ಸ್ವಲ್ಪ, ಸಂಜೆ ಸ್ವಲ್ಪ, ಅಷ್ಟೇ. ಶನಿವಾರ ವಿಸ್ಕಿಯೇ ಇಲ್ಲ. ಮಾತೆತ್ತಿದರೆ ನಿಯಮ ಅನ್ನುವ ಈ ಜನ ಪಬ್ಬಿಗೂ ನಿಯಮ ಹಾಕಿ, 1970ರ ದಶಕದವರೆಗೆ ಸರ್ಕಾರದ ಕೈಯಲ್ಲೇ ಇಟ್ಟುಕೊಂಡಿದ್ದರು!

ಇಷ್ಟೆಲ್ಲ ಕಟ್ಟುಪಾಡಿನಲ್ಲೂ ಲಾಭ ಬರಲು ಕಾರಣ ಎದುರಾಳಿ ಇರಲಿಲ್ಲ. ಬಿಯರ್ ತಯಾರಿಸುವವನೂ ಮಾರುವವನೂ ಒಬ್ಬನೇ. ಭಾವನ ಬಾರಿಗೆ ಆಚೆ ಒಂದು ಬಾರ್, ಈಚೆ ಒಂದು ಎಂಎಸ್‌ಐಎಲ್‌ನ ಸರ್ಕಾರಿ ಮದ್ಯದಂಗಡಿ. ಉದ್ರಿ ಕೊಡದೆ ಅವರು ಒಂದು ತಿಂಗಳು ನಡೆಸಲಾರರು.

ನೀವು ಏನೂ ಯೋಚನೆ ಮಾಡಬೇಡಿ, ಎಲ್ಲ ಸರಿಹೋಗುತ್ತದೆ, ಅಕ್ಕನಿಗೆ ನಾನೇ ಫೋನ್ ಮಾಡುತ್ತೇನೆ. ಭಾವ ಬಾರ್ ಬಿಟ್ಟು ಊಟದ ಮೆಸ್ ಇಡುವುದಾದರೆ ದುಡ್ಡು ನಾನು ಕಳಿಸುತ್ತೇನೆ ಅಂತ ಹೇಳಿ, ನಿಜವಾಗಿಯೂ ಕಳಿಸುತ್ತೇನೆ. ಆದರೆ ತೋಟದ ಪತ್ರ ಬೀರುವಿನಿಂದ ತೆಗೆಯಬೇಡಿ, ಬೀಗದ ಕೈ ಅಮ್ಮನ ಹತ್ತಿರವೇ ಇರಲಿ. ಬಸ್ಸಿಗೆ ಹೊತ್ತಾಯಿತು, ಉಳಿದದ್ದು ಮುಂದಿನ ಪತ್ರದಲ್ಲಿ.

ನಿಮ್ಮ ಮಗಳು,
ವೀಣಾ