ಆ 0-0 ಪಂದ್ಯವನ್ನು ಒಂದೇ ಸಾಲಿನಲ್ಲಿ ಮುಗಿಸಬೇಡ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಲೇಖನ ಓದಿದೆ. ಶೆಫೀಲ್ಡ್ ವೆಡ್ನೆಸ್‌ಡೇ ಕ್ಲಬ್ಬಿನ 1949-50ರ ಸೀಸನ್ ಬಗ್ಗೆ ಕನ್ನಡದಲ್ಲಿ ಒಬ್ಬರು ಇಷ್ಟು ಆಸೆಪಟ್ಟು ಬರೆದಿದ್ದಾರೆ ಅನ್ನುವುದೇ ನನಗೆ ದೊಡ್ಡ ಖುಷಿ. ಯುದ್ಧ ಮುಗಿದ ಮೇಲಿನ ಇಂಗ್ಲೆಂಡ್ ಫುಟ್‌ಬಾಲ್ ನನಗೂ ತುಂಬಾ ಇಷ್ಟದ ವಿಷಯ. ಅದಕ್ಕೇ ಎರಡು ಮಾತು ಬಿಚ್ಚಿ ಹೇಳುತ್ತೇನೆ.

ಲೇಖನದಲ್ಲಿ ‘ಅಮೋಘ’, ‘ರೋಚಕ’, ‘ಐತಿಹಾಸಿಕ’ ಎಂಬ ಮಾತುಗಳು ಬೇಕಾದಷ್ಟಿವೆ. ಆದರೆ ಸೀಸನ್ನಿನ ಕೊನೆಯ ಪಂದ್ಯಕ್ಕೆ ಒಂದೇ ಸಾಲು ಕೊಟ್ಟಿದ್ದೀಯ. ಟಾಟನ್‌ಹ್ಯಾಮ್ ಜೊತೆ 0-0 ಡ್ರಾ ಆಯಿತು, ವೆಡ್ನೆಸ್‌ಡೇಗೆ ಬಡ್ತಿ ಸಿಕ್ಕಿತು, ಅಷ್ಟೇ. ಗೋಲೇ ಇಲ್ಲದ ಪಂದ್ಯದಲ್ಲಿ ಬರೆಯೋಕೆ ಏನಿದೆ ಅಂತ ನಿನಗೆ ಅನ್ನಿಸಿರಬೇಕು. ನನ್ನ ಪ್ರಕಾರ ನಿನ್ನ ಇಡೀ ಲೇಖನ ಇರುವುದೇ ಅಲ್ಲಿ. ಒಂದು ಹಾಳೆ, ಒಂದು ಪೆನ್ಸಿಲ್ ತಗೊಂಡು ಕೂತುಕೋ. ಲೆಕ್ಕ ಮಾಡೋಣ.

ಆಗ ವೆಡ್ನೆಸ್‌ಡೇ ಇದ್ದದ್ದು ಸೆಕೆಂಡ್ ಡಿವಿಜನ್‌ನಲ್ಲಿ, ಅಂದರೆ ಇಂಗ್ಲಿಷ್ ಲೀಗಿನ ಎರಡನೇ ಹಂತದಲ್ಲಿ. ಅಲ್ಲಿ 22 ತಂಡಗಳು. ಒಂದೊಂದಕ್ಕೆ 42 ಪಂದ್ಯ. ಗೆದ್ದರೆ 2 ಅಂಕ, ಡ್ರಾ ಆದರೆ 1. ಬಡ್ತಿ ಪಡೆದು ಮೇಲಕ್ಕೆ, ಫಸ್ಟ್ ಡಿವಿಜನ್‌ಗೆ, ಹೋಗುವುದು ಎರಡೇ ತಂಡ. ಮೊದಲ ಜಾಗದಲ್ಲಿ ಟಾಟನ್‌ಹ್ಯಾಮ್ 61 ಅಂಕ ಗಳಿಸಿ ಆರಾಮಾಗಿ ಕೂತಿತ್ತು. ಆರ್ಥರ್ ರೋ ಕಟ್ಟಿದ ತಂಡ ಅದು. ಚೆಂಡು ಕೊಟ್ಟು ಓಡು, ಮತ್ತೆ ಇಸ್ಕೊಂಡು ಕೊಡು ಅನ್ನುವ ಅವರ ಆಟಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅವರ ಹಿಂದೆ ಮೂರು ತಂಡಗಳು 52 ಅಂಕಕ್ಕೆ ಬಂದು ನಿಂತವು: ಶೆಫೀಲ್ಡ್ ವೆಡ್ನೆಸ್‌ಡೇ, ಶೆಫೀಲ್ಡ್ ಯುನೈಟೆಡ್, ಸೌತಾಂಪ್ಟನ್. ಮೂರರಲ್ಲಿ ಒಂದಕ್ಕೆ ಮಾತ್ರ ಜಾಗ. ಅದರಲ್ಲಿ ಎರಡು ಒಂದೇ ಊರಿನವು!

ಅಂಕ ಸಮ ಆದರೆ ಏನು ಮಾಡುತ್ತಿದ್ದರು? ಈಗಿನ ಹಾಗೆ ಗೋಲ್ ವ್ಯತ್ಯಾಸ ನೋಡುತ್ತಿರಲಿಲ್ಲ. ಹೊಡೆದ ಗೋಲುಗಳನ್ನು ಬಿಟ್ಟುಕೊಟ್ಟ ಗೋಲುಗಳಿಂದ ಭಾಗಿಸುತ್ತಿದ್ದರು. ಅದಕ್ಕೆ ಗೋಲ್ ಆವರೇಜ್ ಅಂತ ಹೆಸರು. ಐಪಿಎಲ್ ನೋಡುವ ನಿನ್ನ ಓದುಗರಿಗೆ ನೆಟ್ ರನ್ ರೇಟಿನ ಹಾಗೆ ಅಂತ ಒಂದು ಸಲ ಹೇಳಿದರೆ ಸಾಕು, ಹಿಡಿದುಕೊಳ್ಳುತ್ತಾರೆ. ವೆಡ್ನೆಸ್‌ಡೇ 67 ಗೋಲು ಹೊಡೆದು 48 ಬಿಟ್ಟುಕೊಟ್ಟಿತ್ತು. ಯುನೈಟೆಡ್ 68 ಹೊಡೆದು 49 ಬಿಟ್ಟುಕೊಟ್ಟಿತ್ತು. ಭಾಗಿಸು. ಒಂದು ಕಡೆ 1.396 ಬರುತ್ತದೆ, ಇನ್ನೊಂದು ಕಡೆ 1.388. ಒಂದನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಎಂಟು ಭಾಗದಷ್ಟು ಅಂತರ. ಇದನ್ನು ನೀನು ‘ಕೂದಲೆಳೆ ಅಂತರ’ ಅಂತ ಬರೆದಿದ್ದೀಯ. ಅದನ್ನು ತೆಗೆದು 0.008 ಅಂತ ಬರೆ. ಓದುವವನ ಎದೆ ಝಲ್ ಅನ್ನುತ್ತದೆ.

ಈಗ ಆ ಕೊನೆಯ ಪಂದ್ಯಕ್ಕೆ ಬಾ. 1950ರ ಮೇ 6, ಶನಿವಾರ, ವೆಡ್ನೆಸ್‌ಡೇಯ ಹಿಲ್ಸ್‌ಬರೋ ಮೈದಾನ. 50 ಸಾವಿರಕ್ಕೂ ಜಾಸ್ತಿ ಜನ. ವೆಡ್ನೆಸ್‌ಡೇ ಸೋತರೆ 51 ಅಂಕಕ್ಕೇ ನಿಂತುಬಿಡುತ್ತದೆ, ಕಥೆ ಮುಗಿಯಿತು. ಇಷ್ಟು ಎಲ್ಲರಿಗೂ ಗೊತ್ತಾಗುತ್ತದೆ. ಡ್ರಾ ಆದರೆ? ಇಲ್ಲೇ ನೀನು ಪೆನ್ಸಿಲ್ ಓಡಿಸಬೇಕಿತ್ತು. 0-0 ಆದರೆ ವೆಡ್ನೆಸ್‌ಡೇ ಮೇಲಕ್ಕೆ. 1-1 ಆಗಿದ್ದರೆ? ವೆಡ್ನೆಸ್‌ಡೇ ಲೆಕ್ಕ 68ಕ್ಕೆ 49 ಆಗುತ್ತಿತ್ತು. ಅಂದರೆ ಯುನೈಟೆಡ್‌ನ ಲೆಕ್ಕವೇ, ಒಂದಂಕಿಯೂ ಆಚೀಚೆ ಇಲ್ಲ. 2-2 ಆಗಿದ್ದರೆ 69ಕ್ಕೆ 50, ಅಂದರೆ 1.380. ಆಗ ಮೇಲಕ್ಕೆ ಹೋಗುತ್ತಿದ್ದುದು ಯುನೈಟೆಡ್.

ನೋಡಿದೆಯಾ? ಒಂದು ಗೋಲು ಬಿಟ್ಟುಕೊಟ್ಟು ಒಂದು ಗೋಲು ವಾಪಸ್ ಹೊಡೆದರೂ ಸಾಲದು. ಆಗ ನೇರವಾಗಿ ಮೇಲಕ್ಕೆ ಹೋಗಬೇಕಾದರೆ ಇನ್ನೊಂದು ಹೊಡೆದು ಗೆಲ್ಲಲೇಬೇಕು. ಭಾಗಿಸುವ ಲೆಕ್ಕದಲ್ಲಿ ಬಿಟ್ಟುಕೊಟ್ಟ ಗೋಲಿಗೆ ತೂಕ ಜಾಸ್ತಿ. ಆ 90 ನಿಮಿಷ ಹಿಲ್ಸ್‌ಬರೋದಲ್ಲಿ ನಿಂತಿದ್ದವರಿಗೆ ತಮ್ಮ ಗೋಲಿನ ಕಡೆ ಬರುವ ಒಂದೊಂದು ಚೆಂಡೂ ಹೇಗೆ ಕಂಡಿರಬೇಕು ಅಂತ ಯೋಚಿಸು. ಟಾಟನ್‌ಹ್ಯಾಮ್‌ಗೆ ಗೆದ್ದರೂ ಸೋತರೂ ಒಂದೇ, ಚಾಂಪಿಯನ್ ಪಟ್ಟ ಆಗಲೇ ಸಿಕ್ಕಿತ್ತು. ಆದರೂ ಎದುರಿಗಿದ್ದದ್ದು ಆ ಡಿವಿಜನ್‌ನ ಅತಿ ಒಳ್ಳೆಯ ತಂಡ. ಮುಂದಿನ ವರ್ಷವೇ ಇಡೀ ಇಂಗ್ಲೆಂಡಿನ ಲೀಗ್ ಗೆದ್ದ ತಂಡ. ಅಂಥವರಿಗೆ ಒಂದೂ ಗೋಲು ಕೊಡದೆ ನಿಂತದ್ದು ದೊಡ್ಡ ಕೆಲಸ. 0-0 ಅನ್ನುವುದು ಇಲ್ಲಿ ಬೇಸರದ ಅಂಕಿ ಅಲ್ಲವೇ ಅಲ್ಲ.

ಇನ್ನೊಂದು ವಿಷಯ. ಗೆದ್ದವರ ಸೀಸನ್ ಬರೆಯುವಾಗ ಸೋತವರನ್ನೂ ಅಷ್ಟೇ ಹತ್ತಿರದಿಂದ ನೋಡು. 67ರಲ್ಲಿ 48 ಕಳೆ, 19. 68ರಲ್ಲಿ 49 ಕಳೆ, ಅದೂ 19. ಈಗಿನ ನಿಯಮದಲ್ಲಿ ಗೋಲ್ ವ್ಯತ್ಯಾಸ ಸಮ ಆದರೆ ಜಾಸ್ತಿ ಗೋಲು ಹೊಡೆದವರು ಮುಂದೆ. ಅಂದರೆ ಯುನೈಟೆಡ್! ಇಂಗ್ಲಿಷ್ ಲೀಗ್ ಈ ಭಾಗಾಕಾರ ಬಿಟ್ಟು ಕಳೆಯುವ ಲೆಕ್ಕಕ್ಕೆ ಬಂದದ್ದು 1976-77ರಲ್ಲಿ. ಅಷ್ಟು ಹೊತ್ತಿಗೆ ಯುನೈಟೆಡ್‌ನ ಮೈದಾನವಾದ ಬ್ರಾಮಲ್ ಲೇನ್‌ನ ಆ ಹಳೆಯ ಆಟಗಾರರಿಗೆ ವಯಸ್ಸಾಗಿತ್ತು. ನಿನ್ನ ಲೇಖನದಲ್ಲಿ ಯುನೈಟೆಡ್‌ನ ಹೆಸರು ಒಂದೇ ಕಡೆ ಬರುತ್ತದೆ. ಅದು ನನಗೆ ನಿಜಕ್ಕೂ ನೋವು ತಂದಿತು. ಒಂದೇ ಊರಿನ ಉಕ್ಕಿನ ಕಾರ್ಖಾನೆಗಳಲ್ಲಿ ಪಕ್ಕಪಕ್ಕ ನಿಂತು ದುಡಿಯುವ ಜನ. 1940ರ ಡಿಸೆಂಬರ್‌ನಲ್ಲಿ ಬಾಂಬ್ ಬಿದ್ದಾಗ ಒಟ್ಟಿಗೇ ನರಳಿದ ಊರು, ಬ್ರಾಮಲ್ ಲೇನ್ ಮೈದಾನಕ್ಕೂ ಆಗ ಬಾಂಬ್ ಬಿದ್ದಿತ್ತು. ಸೋಮವಾರ ಆ ಕಾರ್ಖಾನೆಯಲ್ಲಿ ಅರ್ಧ ಜನ ನಗುತ್ತಾ, ಅರ್ಧ ಜನ ಬಾಯಿ ಕಟ್ಟಿಕೊಂಡು ಕೆಲಸ ಮಾಡಿರಬೇಕು ಅಲ್ವಾ? ಅವರಿಗೂ ಒಂದು ಪ್ಯಾರಾ ಕೊಡು.

ದುಡ್ಡಿನ ಭಾಗವನ್ನು ನೀನು ಮುಟ್ಟಿಯೇ ಇಲ್ಲ. ಸೀಸನ್ನಿನ ನಡುವೆ, 1949ರ ಡಿಸೆಂಬರ್‌ನಲ್ಲಿ, ವೆಡ್ನೆಸ್‌ಡೇ ತನ್ನ ಮುಖ್ಯ ಫಾರ್ವರ್ಡ್ ಎಡ್ಡಿ ಕ್ವಿಗ್ಲಿಯನ್ನು ಪ್ರೆಸ್ಟನ್ ಕ್ಲಬ್ಬಿಗೆ ಮಾರಿತು. ಬೆಲೆ 26,500 ಪೌಂಡ್. ಆಗ ಅದು ಬ್ರಿಟನ್ನಿನ ದಾಖಲೆ. ಬಡ್ತಿಗೆ ಹೋರಾಡುತ್ತಿರುವ ತಂಡ ಅಂಥವನನ್ನು ಮಾರುವುದೇ? ಮ್ಯಾನೇಜರ್ ಎರಿಕ್ ಟೇಲರ್‌ಗೆ ಅದು ಎಂಥ ಧೈರ್ಯದ ಮಾತು! ಇನ್ನೂ ಒಂದು ಲೆಕ್ಕ ಹಾಕು. ಆ ಕಾಲದಲ್ಲಿ ಯಾವ ಆಟಗಾರನಿಗೂ ವಾರಕ್ಕೆ 12 ಪೌಂಡ್‌ಗಿಂತ ಜಾಸ್ತಿ ಸಂಬಳ ಕೊಡುವ ಹಾಗಿರಲಿಲ್ಲ. ಕ್ಲಬ್ಬಿಗೆ ಬಂದ 26,500 ಪೌಂಡನ್ನು ಆ ಸಂಬಳದಲ್ಲಿ ಗಳಿಸಬೇಕಾದರೆ 40 ವರ್ಷಕ್ಕೂ ಜಾಸ್ತಿ ಆಡಬೇಕು. ಆಟಗಾರರ ಸ್ಥಿತಿ ಹೇಗಿತ್ತು ಅಂತ ಸುಮ್ನೆ ವಿವರಿಸುವ ಬದಲು ಈ ಎರಡು ಅಂಕಿ ಪಕ್ಕಪಕ್ಕ ಇಟ್ಟರೆ ಸಾಕು.

ವೆಡ್ನೆಸ್‌ಡೇ ಆಟಗಾರ ರೆಡ್‌ಫರ್ನ್ ಫ್ರಾಗಟ್ ಬಗ್ಗೆ ನೀನು ಬರೆದದ್ದು ಚೆನ್ನಾಗಿದೆ. ಅವನ ಅಪ್ಪ ಫ್ರ್ಯಾಂಕ್ ಕ್ಯಾಪ್ಟನ್ ಆಗಿದ್ದಾಗಲೇ, 1926ರಲ್ಲಿ, ವೆಡ್ನೆಸ್‌ಡೇ ಇದೇ ಡಿವಿಜನ್ ಗೆದ್ದು ಮೇಲಕ್ಕೆ ಹೋಗಿತ್ತು ಅನ್ನುವುದನ್ನೂ ಸೇರಿಸು. 1937ರಲ್ಲಿ ಕೆಳಗಿಳಿದ ಕ್ಲಬ್ಬು 13 ವರ್ಷದ ಮೇಲೆ, ಮಗನ ಕಾಲದಲ್ಲಿ ಮತ್ತೆ ಮೇಲೇರಿತು. ರೇಷನ್ ಬಗ್ಗೆ, ತುಂಬಿ ತುಳುಕುವ ಮೈದಾನಗಳ ಬಗ್ಗೆ ನಿನ್ನ ಎರಡು ಪುಟ ಜಾಸ್ತಿಯಾಯಿತು. ನಾಲ್ಕು ಸಾಲಿಗೆ ಇಳಿಸು.

ಲೇಖನವನ್ನು ಎಲ್ಲಿ ನಿಲ್ಲಿಸಲಿ ಅಂತ ಕೇಳಿದ್ದೀಯ. ಹಿಲ್ಸ್‌ಬರೋ ಸಂಭ್ರಮದಲ್ಲಿ ನಿಲ್ಲಿಸಬೇಡ. ಇನ್ನೊಂದು ವರ್ಷ ಮುಂದೆ ಹೋಗು. 1951ರ ಮೇ ತಿಂಗಳಲ್ಲಿ, ಸೀಸನ್ನಿನ ಕೊನೆಯ ಪಂದ್ಯದಲ್ಲಿ, ವೆಡ್ನೆಸ್‌ಡೇ ಎವರ್ಟನ್‌ಗೆ 6-0 ಹೊಡೆಯಿತು. ಅದೇ ದಿನ ಚೆಲ್ಸಿ ಬೋಲ್ಟನ್ ಮೇಲೆ 4-0 ಗೆದ್ದಿತು. ಚೆಲ್ಸಿ, ವೆಡ್ನೆಸ್‌ಡೇ, ಎವರ್ಟನ್ ಮೂರೂ ಫಸ್ಟ್ ಡಿವಿಜನ್‌ನ ತಳದಲ್ಲಿ 32 ಅಂಕಕ್ಕೆ ನಿಂತವು. ಕೆಳಗಿಳಿಯುವುದು ಎರಡು ತಂಡ. ಮತ್ತೆ ಅದೇ ಭಾಗಾಕಾರ. ಚೆಲ್ಸಿಗೆ 0.815, ವೆಡ್ನೆಸ್‌ಡೇಗೆ 0.771. ಚೆಲ್ಸಿ ಉಳಿಯಿತು. ಆರು ಗೋಲು ಹೊಡೆದ ವೆಡ್ನೆಸ್‌ಡೇ, ಅವನ್ನು ತಿಂದ ಎವರ್ಟನ್ ಜೊತೆಗೇ ಕೆಳಗಿಳಿಯಿತು. ಹಿಂದಿನ ವರ್ಷ 0.008ರಿಂದ ಮೇಲೆತ್ತಿದ ಲೆಕ್ಕವೇ ಈ ವರ್ಷ 0.044ರಿಂದ ಕೆಳಗೆ ಹಾಕಿತು. ಅಲ್ಲಿಗೆ ನಿಲ್ಲಿಸು.

ಡೆರೆಕ್ ಡೂಲಿಯನ್ನು ಕೊನೆಯಲ್ಲಿ ತಂದಿದ್ದೀಯಲ್ಲ, ಅದನ್ನು ತೆಗೆದುಬಿಡು. 1951-52ರಲ್ಲಿ 30 ಲೀಗ್ ಪಂದ್ಯಕ್ಕೆ 46 ಗೋಲು ಹೊಡೆದವನು, ಮರುವರ್ಷ ಪ್ರೆಸ್ಟನ್‌ನಲ್ಲಿ ಕಾಲು ಮುರಿದುಕೊಂಡು ಆ ಕಾಲನ್ನೇ ಕಳೆದುಕೊಂಡವನು. ಅವನಿಗೆ ಒಂದು ಪೂರ್ತಿ ಲೇಖನ ಬೇಕು. ಇದನ್ನು ತಿದ್ದಿ ಮುಗಿಸಿದ ಮೇಲೆ ಅದನ್ನು ಶುರು ಮಾಡು. ಎರಡನ್ನೂ ನನಗೆ ಕಳಿಸು, ಓದೋಕೆ ಕಾಯ್ತಾ ಇರುತ್ತೇನೆ.

ಪ್ರೀತಿಯಿಂದ,
ನಿನ್ನ ಹಿರಿಯ ಗೆಳೆಯ