ಟ್ರ್ಯಾಕ್ಟರ್ ಬರುವ ಮೊದಲು: ಕಬ್ಬಿನ ಹಂಗಾಮಿನ ಮಕ್ಕಳ ವಸತಿಗಾಗಿ ದೇಣಿಗೆ ಮನವಿ

ದಾನಿಗಳಿಗೆ, ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಿಗೆ ಮತ್ತು ಊರು ಬಿಟ್ಟು ಸೊಲ್ಲಾಪುರ, ವಿಜಯಪುರ, ಪುಣೆ, ಬೆಂಗಳೂರುಗಳಲ್ಲಿ ನೆಲೆಸಿರುವ ನಮ್ಮ ಭಾಗದ ಎಲ್ಲ ಕನ್ನಡಿಗರಿಗೆ ಶರಣು ಶರಣಾರ್ಥಿಗಳು.

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ, ಕರ್ನಾಟಕದ ಗಡಿಗೆ ಹತ್ತಿಕೊಂಡಿರುವ ಹಳ್ಳಿಯೊಂದರಲ್ಲಿ ನಮ್ಮ ಕನ್ನಡ ಶಾಲೆ ಇದೆ. ಈ ಶಾಲೆಯ ಹಾಜರಿ ಪುಸ್ತಕವನ್ನು ಒಮ್ಮೆ ತಾವು ತೆರೆದು ನೋಡಬೇಕು. ಆಗಸ್ಟ್ ತಿಂಗಳ ಪುಟ ತುಂಬಿರುತ್ತದೆ. ನವೆಂಬರ್ ಪುಟದಲ್ಲಿ ಒಂದೊಂದು ತರಗತಿಗೂ ಹತ್ತು ಹನ್ನೆರಡು ಹೆಸರುಗಳ ಮುಂದೆ ತಿಂಗಳ ಮೊದಲ ದಿನದಿಂದ ಕೊನೆಯ ದಿನದವರೆಗೆ ಕೆಂಪು ಶಾಯಿಯ ಗೆರೆ ಎಳೆದಿರುತ್ತದೆ. ಆ ಗೆರೆ ಮುಗಿಯುವುದು ಹೋಳಿ ಹುಣ್ಣಿಮೆಯ ಆಚೆ, ಕೆಲವು ಹೆಸರುಗಳಿಗೆ ಮುಗಿಯುವುದೇ ಇಲ್ಲ. ದಸರೆ ಮುಗಿದ ವಾರದಲ್ಲಿ ಎರಡೆರಡು ಡಬ್ಬಿಗಳ ಟ್ರ್ಯಾಕ್ಟರುಗಳು ಊರ ಅಗಸಿಯ ಮುಂದೆ ಬಂದು ನಿಲ್ಲುತ್ತವೆ; ಹಾಸಿಗೆ, ಒಲೆ, ಜೋಳದ ಚೀಲ, ಒಂದೆರಡು ಆಡುಗಳು, ಅವುಗಳ ಮೇಲೆ ಮಕ್ಕಳು. ಮನೆಗೆ ಕೀಲಿ ಬೀಳುತ್ತದೆ, ಕೀಲಿಕೈ ಅಜ್ಜಿಯ ಸೆರಗಿನ ಗಂಟಿಗೆ ಸೇರುತ್ತದೆ.

ಹೋಗುವುದು ಕಬ್ಬು ಕಡಿಯಲು. ಆದರೆ ಹೋಗುವ ನಿರ್ಧಾರ ಆಗಿರುವುದು ದಸರೆಯಲ್ಲಲ್ಲ, ಮಳೆಗಾಲದಲ್ಲಿ. ಬೀಜಕ್ಕೆ, ಮದುವೆಯ ಸಾಲಕ್ಕೆ, ಆಸ್ಪತ್ರೆಯ ಬಿಲ್ಲಿಗೆ ಹಣ ಬೇಕಾದಾಗ ಮುಕಾದಮ, ಅಂದರೆ ಕೂಲಿಕಾರರನ್ನು ಒಟ್ಟುಗೂಡಿಸಿ ಕರೆದೊಯ್ಯುವ ಗುತ್ತಿಗೆದಾರ, ಮನೆ ಬಾಗಿಲಿಗೇ ಬಂದು ಉಚಲ, ಅಂದರೆ ಮುಂಗಡ, ಕೊಟ್ಟು ಹೋಗುತ್ತಾನೆ. ಗಂಡ ಹೆಂಡತಿಯ ಜೋಡಿಗೆ ಒಂದು ಕೋಯ್ತಾ, ಅಂದರೆ ಕಬ್ಬು ಕಡಿಯುವ ಒಂದು ಕತ್ತಿ, ಎಂದು ಲೆಕ್ಕ. ಜೋಡಿಯಾಗಿದ್ದರೆ ಮುಂಗಡ ಹೆಚ್ಚು ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಹದಿನೈದು ತುಂಬದ ಹುಡುಗಿಯರ ಮದುವೆಯಾಗುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕಡಿದ ಪ್ರತಿ ಟನ್ನಿನ ಕೂಲಿ ಮುಂಗಡಕ್ಕೆ ಜಮಾ ಆಗುತ್ತದೆ. ಜ್ವರ ಬಂದು ಮಲಗಿದರೆ, ಬಾಣಂತನವಾದರೆ ಆ ದಿನಗಳ ದಂಡ ಮುಂಗಡಕ್ಕೇ ಸೇರುತ್ತದೆ. ಲೆಕ್ಕದ ವಹಿ ಇರುವುದು ಮುಕಾದಮನ ಕಿಸೆಯಲ್ಲಿ. ಹಂಗಾಮು ಮುಗಿದಾಗ ಬಾಕಿ ಉಳಿದಿದ್ದರೆ ಅದು ಮುಂದಿನ ವರ್ಷಕ್ಕೆ ಬೆಳೆದು ನಿಲ್ಲುತ್ತದೆ.

ಮುಂಗಡ ಪಡೆದವರೆಲ್ಲರೂ ಜೀತದಾಳುಗಳು ಎಂದು ನಾವು ಹೇಳುತ್ತಿಲ್ಲ. ದುಡಿದು, ಲೆಕ್ಕ ತೀರಿಸಿ, ನಾಲ್ಕು ಕಾಸು ಉಳಿಸಿಕೊಂಡು ಬರುವ ಕುಟುಂಬಗಳೂ ಇವೆ, ಮಾತಿಗೆ ತಪ್ಪದ ಮುಕಾದಮರೂ ಇದ್ದಾರೆ. ಆದರೆ ಸಾಲದ ಕಾರಣಕ್ಕೆ ಒಬ್ಬರಿಗೆ ಆ ಹೊಲ ಬಿಟ್ಟು ಮನೆಗೆ ಬರುವ ಸ್ವಾತಂತ್ರ್ಯವೇ ಇಲ್ಲದಂತಾದರೆ ಅದು ಕೂಲಿಯಾಗಿ ಉಳಿಯುವುದಿಲ್ಲ, ಅದನ್ನು ಮಾನವ ಕಳ್ಳಸಾಗಣೆ ಎಂದೇ ಕರೆಯಬೇಕಾಗುತ್ತದೆ.

ಮೂರು ವರ್ಷಗಳ ಹಿಂದೆ ಯುಗಾದಿಗೆ ಎಲ್ಲರೂ ಮರಳಿದಾಗ ಆರನೆಯ ತರಗತಿಯ ಒಬ್ಬ ಹುಡುಗಿ ಬರಲಿಲ್ಲ. ತಂದೆ ತಾಯಿ ಬಂದಿದ್ದರು. ನಮ್ಮ ಶಿಕ್ಷಕಿ ಮನೆಗೆ ಹೋಗಿ ಕೇಳಿದಾಗ ತಾಯಿ ನೆಲ ನೋಡುತ್ತ, "ಬಾಕಿ ಹರೀತನಕ ಅಕಿನ್ನ ಅಲ್ಲೇ ಬಿಟ್ಟ ಬಂದೀವ್ರಿ ಅಕ್ಕಾರ" ಎಂದಳು. ಗಡಿಯಾಚೆ ಕರ್ನಾಟಕದ ಒಂದು ಊರಿನಲ್ಲಿ, ಮುಕಾದಮನ ಬೀಗರ ಮನೆಯಲ್ಲಿ, ಆ ಮಗು ಮುಸುರೆ ತಿಕ್ಕುತ್ತ, ಕೂಸು ಆಡಿಸುತ್ತ ಉಳಿದಿತ್ತು. ಬಾಕಿ ಮೂವತ್ತೆಂಟು ಸಾವಿರ ರೂಪಾಯಿ. ನಾವು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆವು, ಅಲ್ಲಿನ ಕಂದಾಯ ಅಧಿಕಾರಿಗಳನ್ನು ಕಂಡೆವು, ಅವರು ಪೊಲೀಸರೊಂದಿಗೆ ಹೋಗಿ ಹುಡುಗಿಯನ್ನು ಬಿಡಿಸಿದರು. ಕರೆತಂದ ದಿನ ಅವಳ ಎರಡೂ ಮುಂಗೈಗಳ ಮೇಲೆ ಕಬ್ಬಿನ ಗರಿ ಗೀರಿದ ಹಳೆಯ ಗೆರೆಗಳಿದ್ದವು, ಬೆರಳ ಸಂದುಗಳು ಬೂದಿ ಸೋಪಿಗೆ ಒಡೆದಿದ್ದವು. ಪೆನ್ಸಿಲ್ ಹಿಡಿದರೆ ಉರಿಯುತ್ತದೆ ಎಂದು ಒಂದು ವಾರ ಬರೆಯಲಿಲ್ಲ.

ಅವಳನ್ನು ಬಿಡಿಸಿಕೊಂಡು ಬರಲು ಹಿಡಿದದ್ದು ನಾಲ್ಕು ದಿನ. ಅವಳಿಗೆ ಸಿಗಬೇಕಾದ ತಕ್ಷಣದ ಪರಿಹಾರ ಕೈಸೇರಲು ಹಿಡಿದದ್ದು ಒಂಬತ್ತು ತಿಂಗಳು. ಬಿಡುಗಡೆ ಪತ್ರ ಕನ್ನಡದಲ್ಲಿತ್ತು, ಇಲ್ಲಿಯ ಕಚೇರಿಯ ವ್ಯವಹಾರ ಮರಾಠಿಯಲ್ಲಿ. ಕನ್ನಡದಲ್ಲಿ 'ಅವ್ವ' ಎಂದು ಮುಗಿಯುವ ತಾಯಿಯ ಹೆಸರು ಮರಾಠಿ ದಾಖಲೆಯಲ್ಲಿ 'ಬಾಯಿ' ಎಂದಾಗಿತ್ತು. ಇಬ್ಬರೂ ಒಬ್ಬಳೇ ಎಂದು ಸಾಧಿಸಲು ಪ್ರಮಾಣಪತ್ರಗಳ ಮೇಲೆ ಪ್ರಮಾಣಪತ್ರ ಬೇಕಾದವು.

ಇದನ್ನು ಇಷ್ಟು ವಿವರವಾಗಿ ಹೇಳುತ್ತಿರುವುದು ಸರ್ಕಾರವನ್ನು ದೂರುವುದಕ್ಕಲ್ಲ. ಕಾನೂನು ನಮ್ಮಲ್ಲಿ ಗಟ್ಟಿಯಾಗಿಯೇ ಇದೆ. ಸಂವಿಧಾನದ 23ನೆಯ ವಿಧಿ ಮನುಷ್ಯರ ವ್ಯಾಪಾರವನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಜೀತದಾಳನ್ನು ಬಿಡುಗಡೆಗೊಳಿಸುವುದಷ್ಟೇ ಅಲ್ಲದೆ ಅವನ ಮೇಲಿನ ಜೀತಸಾಲವನ್ನೇ ಅಳಿಸಿಹಾಕುತ್ತದೆ. ಆ ಸಾಲ ಜೀತಸಾಲವಲ್ಲ ಎಂದು ಸಾಧಿಸುವ ಹೊಣೆಯನ್ನು ಬಡವನ ಮೇಲೆ ಹೊರಿಸದೆ ಸಾಲ ಕೊಟ್ಟವನ ಮೇಲೆಯೇ ಹೊರಿಸಿದೆ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದೂ ಬಲವಂತದ ದುಡಿಮೆಯೇ, ಹಸಿವೂ ಒಂದು ಬಲವಂತವೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ, ದಿಲ್ಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕೂಲಿಕಾರರ ಪ್ರಕರಣದಲ್ಲಿ, ಸ್ಪಷ್ಟಪಡಿಸಿತು. ಈಗಿನ ಭಾರತೀಯ ನ್ಯಾಯ ಸಂಹಿತೆಯ 143ನೆಯ ಕಲಂ ಪ್ರಕಾರ ಮಗುವೊಂದನ್ನು ಸಾಗಿಸಿದವನಿಗೆ ಕನಿಷ್ಠ 10 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಒಪ್ಪಿಗೆ ಕೊಟ್ಟಿದ್ದರು ಎಂಬ ವಾದ ಅಲ್ಲಿ ನಡೆಯುವುದಿಲ್ಲ. 2016ರ ಕೇಂದ್ರ ಪುನರ್ವಸತಿ ಯೋಜನೆ ಬಿಡುಗಡೆಯಾದ ಪುರುಷರಿಗೆ 1 ಲಕ್ಷ, ಮಹಿಳೆಯರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ಕಳ್ಳಸಾಗಣೆಯಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ಗೊತ್ತುಪಡಿಸಿದೆ. ತಕ್ಷಣದ ನೆರವು ಮೊದಲು 20,000 ರೂಪಾಯಿಯವರೆಗೆ ಇದ್ದದ್ದು ಈಗ 30,000ಕ್ಕೆ ಏರಿದೆ. ಆದರೆ ದೊಡ್ಡ ಮೊತ್ತ ಸಿಗುವುದು ಆರೋಪಿಗೆ ಶಿಕ್ಷೆಯಾಗುವುದರೊಂದಿಗೆ ಜೋಡಣೆಯಾಗಿದೆ. ಆ ದಾರಿ ಉದ್ದವಾದದ್ದು.

ಹೊರಗಿನ ಬಡ ದೇಶಗಳೂ ಇದೇ ಕಾಲದಲ್ಲಿ ಈ ಕೆಲಸಕ್ಕೆ ಕೈ ಹಚ್ಚಿವೆ. 2000ನೆಯ ಇಸವಿಯಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಾನವ ಕಳ್ಳಸಾಗಣೆ ತಡೆ ಒಪ್ಪಂದದ ಬೆನ್ನಿಗೆ ಫಿಲಿಪ್ಪೀನ್ಸ್ ಮತ್ತು ನೈಜೀರಿಯಾ 2003ರಲ್ಲಿ, ನೇಪಾಳ 2007ರಲ್ಲಿ, ಬಾಂಗ್ಲಾದೇಶ 2012ರಲ್ಲಿ ಕಳ್ಳಸಾಗಣೆಗೆಂದೇ ಪ್ರತ್ಯೇಕ ಕಾನೂನು ಮಾಡಿದವು. ಇವೆಲ್ಲವುಗಳಲ್ಲಿ ನಮ್ಮ ಕಬ್ಬಿನ ಸೀಮೆಯವರು ಗಮನಿಸಬೇಕಾದದ್ದು ಬ್ರೆಜಿಲ್. ಅಲ್ಲಿಯೂ ಕಬ್ಬು ದೊಡ್ಡ ಬೆಳೆ, ಅಲ್ಲಿಯೂ ಸಾಲವೇ ಸರಪಳಿ. 1995ರಲ್ಲಿ ಅಲ್ಲಿನ ಸರ್ಕಾರ ಕಾರ್ಮಿಕ ಇಲಾಖೆಯ ನಿರೀಕ್ಷಕರು, ಪೊಲೀಸರು, ಸರ್ಕಾರಿ ವಕೀಲರನ್ನು ಒಂದೇ ತಂಡವಾಗಿಸಿ ನೇರವಾಗಿ ತೋಟಗಳಿಗೆ ಕಳಿಸತೊಡಗಿತು. 2007ರಲ್ಲಿ ಪಾರಾ ರಾಜ್ಯದ ಒಂದೇ ಕಬ್ಬಿನ ತೋಟದಿಂದ ಸಾವಿರಕ್ಕೂ ಹೆಚ್ಚು ಕೂಲಿಕಾರರನ್ನು ಇಂಥ ತಂಡ ಬಿಡಿಸಿತು. ತಪ್ಪಿತಸ್ಥ ಮಾಲೀಕರ ಹೆಸರನ್ನು ಸರ್ಕಾರವೇ ಪಟ್ಟಿ ಮಾಡಿ ಪ್ರಕಟಿಸುತ್ತದೆ, ಪಟ್ಟಿಯಲ್ಲಿರುವವರಿಗೆ ಸರ್ಕಾರಿ ಬ್ಯಾಂಕಿನ ಸಾಲ ಸಿಗುವುದು ಕಷ್ಟವಾಗುತ್ತದೆ. ಬಿಡುಗಡೆಯಾದ ಕೂಲಿಕಾರನಿಗೆ ಮೂರು ತಿಂಗಳು ಕನಿಷ್ಠ ವೇತನದಷ್ಟು ಭತ್ಯೆ ದೊರೆಯುತ್ತದೆ, ಅದಕ್ಕಾಗಿ ಅವನು ಕೋರ್ಟಿನ ತೀರ್ಪಿಗೆ ಕಾಯಬೇಕಿಲ್ಲ. ಬಿಡುಗಡೆಯ ಮರುದಿನ ಮನೆಯಲ್ಲಿ ಒಲೆ ಉರಿಯದಿದ್ದರೆ ಅದೇ ಮನುಷ್ಯ ಅದೇ ಮುಂಗಡಕ್ಕೆ ಮತ್ತೆ ಕೈಯೊಡ್ಡುತ್ತಾನೆ ಎಂಬುದನ್ನು ಆ ದೇಶ ಅರಿತಿದೆ ಎಂದು ನಮಗೆ ಅನಿಸುತ್ತದೆ.

ಕಾನೂನಿನ ಕೈ ತಲುಪುವುದು ಮಗು ಸಿಕ್ಕಿಬಿದ್ದ ಮೇಲೆ. ಅದಕ್ಕಿಂತ ಮೊದಲು, ಟ್ರ್ಯಾಕ್ಟರ್ ಅಗಸಿಯ ಮುಂದೆ ನಿಲ್ಲುವ ದಿನ, ಮಗುವನ್ನು ಹತ್ತಿಸದೆ ಇಳಿಸಿಕೊಳ್ಳುವ ಒಂದು ಜಾಗ ಊರಿನಲ್ಲೇ ಬೇಕು. ತಂದೆ ತಾಯಿಗೆ ಮಕ್ಕಳನ್ನು ಕರೆದೊಯ್ಯುವ ಹಂಬಲವೇನೂ ಇರುವುದಿಲ್ಲ. ಬಿಟ್ಟು ಹೋಗಲು ಜಾಗ ಇರುವುದಿಲ್ಲ, ಅಷ್ಟೇ. ಅಜ್ಜಿಗೆ ಕಣ್ಣು ಮಂಜಾಗಿರುತ್ತದೆ, ಬೆಳೆದ ಹುಡುಗಿಯನ್ನು ಒಬ್ಬಳನ್ನೇ ಬಿಡಲು ಧೈರ್ಯ ಬರುವುದಿಲ್ಲ. ಕಳೆದ ಎರಡು ಹಂಗಾಮುಗಳಲ್ಲಿ ಶಾಲೆಯ ಹಳೆಯ ಎರಡು ಕೋಣೆಗಳಲ್ಲಿ ಹದಿನೆಂಟು ಮಕ್ಕಳನ್ನು ಉಳಿಸಿಕೊಂಡೆವು. ಅವರಲ್ಲಿ ಹದಿನೇಳು ಮಕ್ಕಳು ವಾರ್ಷಿಕ ಪರೀಕ್ಷೆ ಬರೆದರು. ಒಬ್ಬ ಹುಡುಗನನ್ನು ಸಂಕ್ರಾಂತಿಗೆ ಬಂದ ತಂದೆ ಕರೆದೊಯ್ದರು. ಅವನನ್ನು ಉಳಿಸಿಕೊಳ್ಳಲಾಗಲಿಲ್ಲ ಎಂಬ ನೋವು ನಮಗೆ ಇನ್ನೂ ಇದೆ. ಮೇಲೆ ಹೇಳಿದ ಹುಡುಗಿ ಅಲ್ಲಿಯೇ ಉಳಿದು ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ, ಸಂಜೆ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಾಳೆ.

ಈ ವರ್ಷ ನಲವತ್ತು ಮಕ್ಕಳನ್ನು ಉಳಿಸಿಕೊಳ್ಳಬೇಕೆಂಬುದು ನಮ್ಮ ಟ್ರಸ್ಟಿನ ನಿರ್ಧಾರ. ಊಟ, ಹಾಸಿಗೆ ಹೊದಿಕೆ, ಔಷಧ, ಅಡುಗೆಯ ತಾಯಿ ಮತ್ತು ರಾತ್ರಿ ಹೆಣ್ಣುಮಕ್ಕಳೊಂದಿಗೆ ಉಳಿಯುವ ಮೇಲ್ವಿಚಾರಕಿಯ ಸಂಬಳ ಸೇರಿ ಒಂದು ಮಗುವಿಗೆ ತಿಂಗಳಿಗೆ 2,400 ರೂಪಾಯಿ ತಗಲುತ್ತದೆ. ಆರು ತಿಂಗಳಿಗೆ 14,400 ರೂಪಾಯಿ, ನಲವತ್ತು ಮಕ್ಕಳಿಗೆ 5,76,000 ರೂಪಾಯಿ. ಇದರ ಹೊರತಾಗಿ, ಹೆಣ್ಣುಮಕ್ಕಳ ಕೋಣೆಗೆ ಹೊಂದಿಕೊಂಡು ಎರಡು ಶೌಚಾಲಯ, ಒಂದು ಬಚ್ಚಲು ಕಟ್ಟಿಸಲೇಬೇಕಾಗಿದೆ; ಇಷ್ಟು ದಿನ ಕತ್ತಲಾದ ಮೇಲೆ ಅವರು ಮೈದಾನ ದಾಟಿ ಹೋಗಬೇಕಾಗುತ್ತಿತ್ತು, ಇದು ಇನ್ನೊಂದು ಹಂಗಾಮಿಗೆ ಮುಂದುವರಿಯಬಾರದು.

ಎರಡನೆಯ ಕೆಲಸ ಕಾಗದಪತ್ರದ್ದು. ಊರು ಬಿಡುವ ಪ್ರತಿಯೊಂದು ಕುಟುಂಬದ ಹೆಸರು, ಹೋಗುವ ಊರು, ಪಡೆದ ಮುಂಗಡ, ಜೊತೆಗಿರುವ ಮಕ್ಕಳು, ಇವನ್ನು ಅವರ ಕಣ್ಣೆದುರೇ ಕನ್ನಡದಲ್ಲಿ ಒಂದು ವಹಿಯಲ್ಲಿ ಬರೆದು, ಅವರಿಗೂ ಒಂದು ಪ್ರತಿ ಕೊಡುತ್ತೇವೆ. ಹಂಗಾಮು ಮುಗಿದ ಮೇಲೆ ಯಾರು ಮರಳಿಲ್ಲ ಎಂಬುದು ಈ ವಹಿಯಿಂದಲೇ ತಿಳಿಯುತ್ತದೆ. ಬಿಡುಗಡೆ ಪತ್ರಗಳನ್ನು ಮರಾಠಿಗೆ ಅನುವಾದಿಸಿ ದೃಢೀಕರಿಸುವುದು, ಹೆಸರಿನ ವ್ಯತ್ಯಾಸ ಸರಿಪಡಿಸುವುದು, ಎರಡೂ ರಾಜ್ಯಗಳ ಕಚೇರಿಗಳಿಗೆ ಕುಟುಂಬದವರೊಂದಿಗೆ ಹೋಗಿ ಬರುವುದು, ಇವಕ್ಕೆ ಎರಡೂ ಭಾಷೆ ಬಲ್ಲ ಒಬ್ಬ ಕಾರ್ಯಕರ್ತರನ್ನು ವರ್ಷಪೂರ್ತಿ ನೇಮಿಸಬೇಕಾಗಿದೆ. ಈ ಖರ್ಚಿಗೆ ದಾನಿಗಳು ಸಾಮಾನ್ಯವಾಗಿ ಮುಂದೆ ಬರುವುದಿಲ್ಲ, ಏಕೆಂದರೆ ಇದರ ಮೇಲೆ ಹೆಸರು ಕೆತ್ತಿಸಲು ಕಲ್ಲು ಇರುವುದಿಲ್ಲ. ಆದರೂ ಕೇಳುತ್ತಿದ್ದೇವೆ.

ದೇಣಿಗೆಯನ್ನು ಚೆಕ್ ಮೂಲಕ ಅಥವಾ ಟ್ರಸ್ಟಿನ ಬ್ಯಾಂಕ್ ಖಾತೆಗೆ ನೇರವಾಗಿ ಕೊಡಬಹುದು. ಖಾತೆಯ ವಿವರ ಶಾಲೆಯ ಕಚೇರಿಯಲ್ಲಿ ದೊರೆಯುತ್ತದೆ. ತೆರಿಗೆ ರಿಯಾಯಿತಿ ಬೇಕಾದವರು 2,000 ರೂಪಾಯಿಗಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಡಬಾರದಾಗಿ ವಿನಂತಿ. ವಿದೇಶಿ ದೇಣಿಗೆ ಪಡೆಯುವ ನೋಂದಣಿ ನಮಗಿಲ್ಲದ ಕಾರಣ ವಿದೇಶದಿಂದ ಬರುವ ಹಣವನ್ನು ಸ್ವೀಕರಿಸಲಾಗುವುದಿಲ್ಲ. ಮಕ್ಕಳ ಫೋಟೋ ತೆಗೆದು ದಾನಿಗಳಿಗೆ ಕಳಿಸುವ ಪದ್ಧತಿಯನ್ನು ನಾವು ಇಟ್ಟುಕೊಂಡಿಲ್ಲ. ಬದಲಾಗಿ ಪ್ರತಿ ತಿಂಗಳ ಜಮಾಖರ್ಚನ್ನು ಶಾಲೆಯ ಫಲಕದಲ್ಲಿ ಹಚ್ಚುತ್ತೇವೆ, ಯಾರು ಬೇಕಾದರೂ ಬಂದು ನೋಡಬಹುದು.

ದಸರೆಗೆ ಹದಿನೈದು ದಿನ ಮೊದಲು ಹಣ ಕೈಸೇರಿದರೆ ಅಡುಗೆಮನೆ ಸಜ್ಜಾಗಿ, ಟ್ರ್ಯಾಕ್ಟರುಗಳು ಬರುವ ಹೊತ್ತಿಗೆ ಮನೆಮನೆಗೆ ಹೋಗಿ ಮಕ್ಕಳನ್ನು ಕೇಳಿಕೊಳ್ಳಲು ಅನುಕೂಲವಾಗುತ್ತದೆ. ಹಣ ಕೊಡಲಾಗದವರು ದಾಸೋಹಕ್ಕೆ ಧಾನ್ಯ ಕೊಡಬಹುದು. ಅಕ್ಕಿಗಿಂತ ಜೋಳವನ್ನೇ ತರಬೇಕೆಂದು ಕೋರುತ್ತೇವೆ, ನಮ್ಮ ಮಕ್ಕಳು ರೊಟ್ಟಿ ಉಣ್ಣುವವರು. ಛಳಿ ಬೀಳುವ ಮೊದಲು ನಲವತ್ತು ಕಂಬಳಿಗಳೂ ಬೇಕಾಗಿವೆ.

ಇಂತಿ,
ಟ್ರಸ್ಟಿನ ಕಾರ್ಯದರ್ಶಿ ಮತ್ತು ಸರ್ವ ಸದಸ್ಯರು
ಜತ್ತ ತಾಲೂಕು, ಸಾಂಗಲಿ ಜಿಲ್ಲೆ