ಕನ್ನಡ ಶಾಲೆಗಳ ಮಕ್ಕಳಿಗೆ ಕೃತಕ ಬುದ್ಧಿಮತ್ತೆಯ ಅರಿವು: ದೇಣಿಗೆಗಾಗಿ ಮನವಿ

ಮಾನ್ಯರೇ,

ಸಿಬಿಎಸ್‌ಇ ಮಂಡಳಿಯು 2019ರಲ್ಲಿಯೇ ಒಂಬತ್ತನೆಯ ತರಗತಿಗೆ ಕೃತಕ ಬುದ್ಧಿಮತ್ತೆಯನ್ನು (ಎಐ) ಐಚ್ಛಿಕ ವಿಷಯವಾಗಿ ತಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದನ್ನು ಶಾಲಾ ಹಂತದಲ್ಲಿ ಪರಿಚಯಿಸುವ ಮಾತನ್ನಾಡಿತು. ಆದರೆ ಪೀಣ್ಯ, ಲಗ್ಗೆರೆ, ಬೊಮ್ಮನಹಳ್ಳಿಯಂಥ ಕಡೆ ಕನ್ನಡ ಮಾಧ್ಯಮದಲ್ಲಿ ಓದುವ ಗಾರ್ಮೆಂಟ್ಸ್ ನೌಕರರ, ಕಟ್ಟಡ ಕಾರ್ಮಿಕರ ಮಕ್ಕಳು ಎಐಯನ್ನು ಮೊದಲು ಕಾಣುವುದು ಮನೆಯವರ ಮೊಬೈಲಿನಲ್ಲಿ. ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರಿಸುವ ಆ ತಂತ್ರಾಂಶ (ಚಾಟ್‌ಬಾಟ್) ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳಬಲ್ಲದೆಂದು ಅವರಿಗೆ ತಿಳಿಸಿ ಹೇಳುವವರು ವಿರಳ.

ಇದಕ್ಕಾಗಿ ನಮ್ಮ ಟ್ರಸ್ಟ್ ಬೆಂಗಳೂರಿನ ಸರ್ಕಾರಿ ಶಾಲೆಗಳ ಎಂಟು ಮತ್ತು ಒಂಬತ್ತನೆಯ ತರಗತಿಗಳಿಗೆ ಶನಿವಾರದ ಕಾರ್ಯಾಗಾರಗಳನ್ನು ಹಮ್ಮಿಕೊಳ್ಳುತ್ತಿದೆ. ಮೊದಲ ಪಾಠಕ್ಕೆ ಕಂಪ್ಯೂಟರ್ ಬೇಡ. ಹೊಂಗೆ, ಬೇವು, ಮಾವಿನ ಬಲಿತ ಎಲೆಗಳನ್ನು ಮುಂದಿಟ್ಟು, ಯಾವ ಲಕ್ಷಣ ನೋಡಿ ಬೇರ್ಪಡಿಸುವಿರಿ ಎಂದು ಕೇಳಿ, ಮಕ್ಕಳೇ ಉದ್ದ, ಅಂಚು, ಬಣ್ಣಗಳ ಪಟ್ಟಿ ಮಾಡಿದ ಮೇಲೆ ಮಾವಿನ ಕೆಂಚು ಚಿಗುರೊಂದನ್ನು ಅವರ ಕೈಗಿಡಲಾಗುತ್ತದೆ. ಬಲಿತ ಎಲೆಗಳನ್ನಷ್ಟೇ ಕಂಡು ಕಟ್ಟಿದ ನಿಯಮ ಅಲ್ಲಿ ಎಡವುತ್ತದೆ. ಬಹುಪಾಲು ಇಂಗ್ಲಿಷ್ ಪಠ್ಯದಿಂದ ಕಲಿತ ಎಐ, ಕನ್ನಡಕ್ಕೆ ಬಂದಾಗ ಹೆಚ್ಚು ತಪ್ಪುವುದೇಕೆ ಎಂಬುದನ್ನು ವಿವರಿಸಲು ಆಮೇಲೆ ಹೆಚ್ಚು ಮಾತು ಬೇಕಾಗದು. ಚಾಟ್‌ಬಾಟ್ ಕೊಟ್ಟ ಉತ್ತರವನ್ನು ಪಠ್ಯಪುಸ್ತಕದೊಡನೆ ತಾಳೆ ನೋಡುವುದು, ಫೋಟೊ, ವಿಳಾಸ, ಆಧಾರ್ ಸಂಖ್ಯೆಗಳನ್ನು ಅದಕ್ಕೆ ಒಪ್ಪಿಸದಿರುವುದು ಮುಂದಿನ ಪಾಠಗಳು.

ಪೋಷಕರಿಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ (ಎಸ್‌ಡಿಎಂಸಿ) ಸಹಕಾರದಿಂದ ಸಂಜೆಯ ಸಭೆಗಳಿರುತ್ತವೆ. ಬಂಧುಗಳ ದನಿಯನ್ನೇ ಅನುಕರಿಸಿ ಹಣ ಕೇಳುವ ಕರೆ ಬಂದರೆ ಅದನ್ನು ಕಡಿದು, ತಮ್ಮಲ್ಲಿರುವ ಸಂಖ್ಯೆಗೆ ತಾವೇ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು, ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ತಿಳಿಸಬೇಕು ಎಂಬುದನ್ನು ಅಲ್ಲಿ ಹೇಳಿಕೊಡಲಾಗುತ್ತದೆ.

ದಾನಿಯ ಹೆಸರಿನ ಫಲಕ ಹೊತ್ತ ಕಂಪ್ಯೂಟರ್ ಕೊಠಡಿ ನೋಡಲು ಚೆಂದ, ನಿಜ. ಕಲಿಸುವವರಿಲ್ಲದಿದ್ದರೆ ಅದಕ್ಕೆ ಬೀಗ ಬೀಳುತ್ತದೆ. ಆದ್ದರಿಂದ ತಮ್ಮ ದೇಣಿಗೆಯನ್ನು ಮೊದಲು ಶಿಕ್ಷಕರ ತರಬೇತಿಗೆ, ಸಂಪನ್ಮೂಲ ವ್ಯಕ್ತಿಗಳ ಗೌರವಧನಕ್ಕೆ, ಕನ್ನಡ ಕೈಪಿಡಿಯ ಮುದ್ರಣಕ್ಕೆ ವಿನಿಯೋಗಿಸಲಾಗುವುದು. ಸುಸ್ಥಿತಿಯಲ್ಲಿರುವ ಹಳೆಯ ಲ್ಯಾಪ್‌ಟಾಪ್‌ಗಳನ್ನೂ ಸ್ವೀಕರಿಸುತ್ತೇವೆ; ಅವು ಶಾಲೆಯಿಂದ ಶಾಲೆಗೆ ಸಂಚರಿಸುತ್ತವೆ. ಹಣ ಕೊಡಲಾಗದ ಸಾಫ್ಟ್‌ವೇರ್ ಉದ್ಯೋಗಿಗಳು ತಿಂಗಳಿಗೊಂದು ಶನಿವಾರ ಬಂದು ಕನ್ನಡದಲ್ಲಿ ಪಾಠ ಹೇಳಿದರೂ ಅದು ದೇಣಿಗೆಯೇ.

2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆ ಕಡಿತ ದೊರೆಯದ ಕಾರಣ ದಯವಿಟ್ಟು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕ ನೀಡಿ, ರಸೀದಿ ಪಡೆಯಬೇಕಾಗಿ ವಿನಂತಿ.

ಇಂತಿ,
ಧರ್ಮದರ್ಶಿಗಳು, ಬೆಂಗಳೂರು